ಟ್ರ್ಯಾಕ್ಟರಿಗೊಂದು ಗೊರಬು

ದೀಪಾವಳಿಯ ಊಟದ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಕೂಟದ ಪತ್ರಿಕೆಯ ಸಂಪಾದಕರು ನನ್ನನ್ನು ಹಿಡಿದುಕೊಂಡರು. "ಡಾಕ್ಟ್ರೇ, ಈ ಸಲವಾದರೂ ಏನಾದರೂ ಬರೆದುಕೊಡಿ. ಕೊಲೆಸ್ಟರಾಲ್ ಬಗ್ಗೆಯೋ, ಸಕ್ಕರೆ ಕಾಯಿಲೆ ಬಗ್ಗೆಯೋ ಬರೆದರೆ ಎಲ್ಲರಿಗೂ ಉಪಯೋಗವಾಗುತ್ತೆ" ಎಂದರು. ಅವರ ತಟ್ಟೆಯಲ್ಲಿ ಮೂರು ಹೋಳಿಗೆ ಇದ್ದವು, ನನ್ನ ತಟ್ಟೆಯಲ್ಲಿ ನಾಲ್ಕು. ಅಂಥ ಹೊತ್ತಿನಲ್ಲಿ ಒಪ್ಪಿಕೊಂಡ ಲೇಖನ ಬರೆಯಲು ಮನಸ್ಸು ಬರಲಿಲ್ಲ. ಕೊಲೆಸ್ಟರಾಲನ್ನು ಮುಂದಿನ ಸಂಚಿಕೆಗೆ ಬಿಟ್ಟು, ಈ ಸಲ ನನ್ನ ಹಳೆಯ ಟ್ರ್ಯಾಕ್ಟರಿನ ಬಗ್ಗೆ ಬರೆಯುತ್ತಿದ್ದೇನೆ. ಇದರಲ್ಲೂ ಸ್ವಲ್ಪ ವೈದ್ಯಕೀಯ ಇದೆ. ಓದುಗರು ಕ್ಷಮಿಸಬೇಕು.

ನಾವಿರುವುದು ನ್ಯೂಯಾರ್ಕಿನಲ್ಲಿ ಎಂದರೆ ಊರಿನ ನೆಂಟರು ಇಂದಿಗೂ ಆಕಾಶ ಮುಟ್ಟುವ ಕಟ್ಟಡಗಳನ್ನೇ ಕಲ್ಪಿಸಿಕೊಳ್ಳುತ್ತಾರೆ. ನಮ್ಮ ಮನೆಯಿಂದ ಆ ನಗರಕ್ಕೆ ಐದು ಗಂಟೆಗೂ ಮೀರಿದ ದಾರಿ. ಒಂಟಾರಿಯೋ ಸರೋವರದ ಪೂರ್ವಕ್ಕೆ ಟಗ್ ಹಿಲ್ ಎಂಬ ಎತ್ತರದ ನೆಲವಿದೆ. ಅದರ ಅಂಚಿನಲ್ಲಿ ನಮ್ಮ ಪುಟ್ಟ ಊರು. ಚಳಿಗಾಲದಲ್ಲಿ ಪಶ್ಚಿಮದಿಂದ ಬೀಸುವ ತಣ್ಣನೆಯ ಗಾಳಿ, ಇನ್ನೂ ಹೆಪ್ಪುಗಟ್ಟದ ಸರೋವರದ ಮೇಲೆ ಹಾದು ತೇವವನ್ನು ಹೀರಿಕೊಂಡು, ಟಗ್ ಹಿಲ್ಲನ್ನು ಏರುವಾಗ ಹೊತ್ತದ್ದನ್ನೆಲ್ಲ ಹಿಮವಾಗಿ ಇಳಿಸಿಬಿಡುತ್ತದೆ. ನಾನು ತೀರ್ಥಹಳ್ಳಿ ಕಡೆಯವನು. ಅರಬ್ಬೀ ಸಮುದ್ರದ ಮೋಡ ಘಟ್ಟ ಹತ್ತುವಾಗ ಆಗುಂಬೆಯಲ್ಲಿ ಏನಾಗುತ್ತದೋ ಇಲ್ಲಿ ಆಗುವುದೂ ಅದೇ, ಆದರೆ ಬಿಳಿ ಬಣ್ಣದಲ್ಲಿ. ಟಗ್ ಹಿಲ್ಲಿನ ಮೇಲ್ಭಾಗದಲ್ಲಿ ಒಂದು ಚಳಿಗಾಲಕ್ಕೆ 200 ಅಂಗುಲಕ್ಕೂ ಹೆಚ್ಚು ಹಿಮ ಬೀಳುವುದು ಸಾಮಾನ್ಯ. 1997ರ ಜನವರಿಯಲ್ಲಿ ಮಾಂಟೆಗ್ಯೂ ಎಂಬ ಊರಿನಲ್ಲಿ 24 ಗಂಟೆಯಲ್ಲಿ 77 ಅಂಗುಲ ಅಳೆದರಂತೆ. ಆದರೆ ನಿಯಮಕ್ಕಿಂತ ಹೆಚ್ಚು ಸಲ ಅಳೆದು ಕೂಡಿಸಿದ್ದಾರೆಂದು ಅದನ್ನು ರಾಷ್ಟ್ರೀಯ ದಾಖಲೆಯಾಗಿ ಒಪ್ಪಲಿಲ್ಲ. ಇಲ್ಲಿನ ಹಿರಿಯರಿಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಇಲ್ಲಿಗೆ ನಾನಾಗಿ ಹುಡುಕಿಕೊಂಡು ಬಂದವನಲ್ಲ. 1992ರಲ್ಲಿ ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, 1996ರಲ್ಲಿ ಬ್ರೂಕ್ಲಿನ್ನಿಗೆ ಬಂದು ರೆಸಿಡೆನ್ಸಿ ಮಾಡಿದೆ. ಜೆ-1 ವೀಸಾದವರು ಎರಡು ವರ್ಷ ತಾಯ್ನಾಡಿಗೆ ಹಿಂದಿರುಗಬೇಕು, ಇಲ್ಲವೇ ವೈದ್ಯರ ಕೊರತೆಯಿರುವ ಹಳ್ಳಿಗಾಡಿನಲ್ಲಿ ಮೂರು ವರ್ಷ ದುಡಿಯಬೇಕು ಎಂಬ ನಿಯಮ ನಮ್ಮಲ್ಲಿ ಅನೇಕರಿಗೆ ಗೊತ್ತು. 1999ರಲ್ಲಿ ಮೂರು ವರ್ಷಕ್ಕೆಂದು ಬಂದೆವು. ನನ್ನ ಹೆಂಡತಿ ಪೆಟ್ಟಿಗೆಗಳನ್ನು ಪೂರ್ತಿ ಬಿಚ್ಚಲೇ ಇಲ್ಲ. ಆ ಪೆಟ್ಟಿಗೆಗಳಲ್ಲಿ ಎರಡು ಇಂದಿಗೂ ಅಟ್ಟದಲ್ಲಿ ಹಾಗೇ ಇವೆ, ನಾವೂ ಇಲ್ಲೇ ಇದ್ದೇವೆ.

ನಮ್ಮ ಮನೆಯಿಂದ ರಸ್ತೆಗೆ 500 ಅಡಿ ಉದ್ದದ ಡ್ರೈವ್‌ವೇ ಇದೆ. ಆಸ್ಪತ್ರೆ ಏಳು ಮೈಲಿ. ಆನ್ ಕಾಲ್ ಇದ್ದ ರಾತ್ರಿ ಮೂರು ಗಂಟೆಗೆ ಫೋನ್ ಬಂದರೆ ಆ ಏಳು ಮೈಲಿಯ ಕಷ್ಟ ಏನೂ ಅಲ್ಲ, ಕೌಂಟಿಯವರು ರಸ್ತೆ ಗುಡಿಸಿರುತ್ತಾರೆ. ಕಷ್ಟವೆಲ್ಲ ಮೊದಲ 500 ಅಡಿಯದು. ಹಿಮ ತೆಗೆಯಲು ಬರುತ್ತಿದ್ದವರು ವಯಸ್ಸಾಯಿತೆಂದು ಕೆಲಸ ಬಿಟ್ಟರು. ಅದೇ ವರ್ಷ, 2010ರಲ್ಲಿ, ಹತ್ತಿರದ ಡೈರಿ ಫಾರ್ಮಿನ ಅಜ್ಜ ತನ್ನ ದನಗಳನ್ನೆಲ್ಲ ಮಾರಿ, ಕೊಟ್ಟಿಗೆಯಲ್ಲಿದ್ದ 1951ರ ಫೋರ್ಡ್ 8ಎನ್ ಟ್ರ್ಯಾಕ್ಟರನ್ನು ನನಗೆ ಕೊಟ್ಟ. ಬೆಲೆ ಕೇಳಿದರೆ, "ನನ್ನ ಹೆಂಡತಿಯ ನ್ಯುಮೋನಿಯಾ ನೋಡಿದವನು ನೀನು. ಆದರೂ ಪುಕ್ಕಟೆ ಕೊಡೋಲ್ಲ" ಎಂದು 1500 ಡಾಲರ್ ತೆಗೆದುಕೊಂಡ.

ಈ 8ಎನ್ ಬಗ್ಗೆ ಎರಡು ಮಾತು ಹೇಳಲೇಬೇಕು. 1947ರಿಂದ 1952ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಪುಟ್ಟ ಟ್ರ್ಯಾಕ್ಟರ್ ಅದು. ಬೂದು ಬಣ್ಣದ ಮೈ, ಕೆಂಪು ಹೊಟ್ಟೆ. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಆರು ವೋಲ್ಟಿನ ಬ್ಯಾಟರಿ, ಅದೂ ಪಾಸಿಟಿವ್ ಕಡೆ ಅರ್ಥ್. ಗೇರ್ ನ್ಯೂಟ್ರಲ್‌ನಲ್ಲಿ ಇಲ್ಲದಿದ್ದರೆ ಸ್ಟಾರ್ಟರ್ ಗುಂಡಿ ಒತ್ತಿದರೂ ಎದ್ದೇಳುವುದಿಲ್ಲ. ಹಿಂದೆ ನೇಗಿಲು, ಬ್ಲೇಡು ತಗಲಿಸುವ ಮೂರು ತೋಳುಗಳ ಜೋಡಣೆ ಹ್ಯಾರಿ ಫರ್ಗುಸನ್ ಎಂಬಾತನದು. 1938ರಲ್ಲಿ ಆತನೂ ಹೆನ್ರಿ ಫೋರ್ಡನೂ ಬರೀ ಕೈಕುಲುಕಿ ಒಪ್ಪಂದ ಮಾಡಿಕೊಂಡರು, ಕಾಗದ ಪತ್ರ ಇಲ್ಲ. ಮುಂದೆ ಫೋರ್ಡನ ಮೊಮ್ಮಗನ ಕಾಲಕ್ಕೆ ಅದು ಮುರಿದು, ಕೋರ್ಟಿಗೆ ಹೋಗಿ, 1952ರಲ್ಲಿ ಫರ್ಗುಸನ್ನನಿಗೆ 92.5 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ನಮ್ಮೂರಿನ ಗದ್ದೆಗಳಲ್ಲಿ ಓಡಾಡಿದ ಮ್ಯಾಸ್ಸಿ ಫರ್ಗುಸನ್ ಟ್ರ್ಯಾಕ್ಟರಿನ ಹೆಸರಿನಲ್ಲಿರುವ ಫರ್ಗುಸನ್ನನೂ ಈತನೇ. ನಮ್ಮ ತಂದೆ ಇಲ್ಲಿಗೆ ಬಂದಾಗ ಹಿಂದಿನ ಆ ಮೂರು ತೋಳು ನೋಡಿ, "ಇದು ಸೊಸೈಟಿ ಟ್ರ್ಯಾಕ್ಟರಿನ ಹಾಗೇ ಇದೆಯಲ್ಲೋ" ಎಂದು ಗುರುತು ಹಿಡಿದರು.

ಹಿಂದಕ್ಕೆ ಬ್ಲೇಡು, ಹಿಂದಿನ ಗಾಲಿಗಳಿಗೆ ಸರಪಳಿ, ಟೈರಿನೊಳಗೆ ತೂಕಕ್ಕೆಂದು ಕ್ಯಾಲ್ಸಿಯಂ ಕ್ಲೋರೈಡ್ ನೀರು. ಹಿಮ ಚೆನ್ನಾಗಿಯೇ ಸರಿಯುತ್ತಿತ್ತು. ಕಷ್ಟವಿದ್ದುದು ಕೂರುವವನಿಗೆ. ಸ್ಪ್ರಿಂಗಿನ ಮೇಲೊಂದು ಕಬ್ಬಿಣದ ಸೀಟು, ಸುತ್ತ ಬಯಲು. ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್ ಇದ್ದು ಗಂಟೆಗೆ 15 ಮೈಲಿ ಗಾಳಿ ಬೀಸಿದರೆ ಚರ್ಮಕ್ಕೆ ಅದು ಮೈನಸ್ 19ರ ಹಾಗೆ. ಅರ್ಧ ಗಂಟೆಯಲ್ಲಿ ಕಿವಿ ಮೂಗು ಮರಗಟ್ಟಬಹುದು. 2013ರ ಫೆಬ್ರವರಿಯಲ್ಲಿ ನನ್ನ ಎಡಕಿವಿಯ ಅಂಚು ಬಿಳಿಚಿಕೊಂಡಿತು. ಮನೆಗೆ ಬಂದಾಗ ಹೆಂಡತಿ, "ರೋಗಿಗಳಿಗೆ ಟೋಪಿ ಹಾಕ್ಕೊಳ್ಳಿ ಅಂತ ಹೇಳೋರು ನೀವೇ ತಾನೆ?" ಎಂದಳು. ಟೋಪಿ ಹಾಕಿಕೊಂಡಿದ್ದೆ, ಗಾಳಿಗೆ ಹಾರಿಹೋಗಿತ್ತು. ಆ ಬೇಸಿಗೆಯಲ್ಲೇ ಟ್ರ್ಯಾಕ್ಟರಿಗೆ ಒಂದು ಕ್ಯಾಬ್ ಕಟ್ಟುವುದೆಂದು ನಿರ್ಧಾರವಾಯಿತು.

ಅಂಗಡಿಯಲ್ಲಿ ಸಿಗುವ ಕ್ಯಾಬಿನ ಬೆಲೆ ಟ್ರ್ಯಾಕ್ಟರಿನ ಬೆಲೆಗಿಂತ ಹೆಚ್ಚು. ಆದ್ದರಿಂದ ಮನೆಯಲ್ಲೇ. ಎರಡು ಅಂಗುಲದ ಮರದ ರೀಪುಗಳ ಚೌಕಟ್ಟು, ಅದನ್ನು ಕಾಲಿಡುವ ಹಲಗೆಗಳಿಗೂ ಹಿಂದಿನ ಮಡ್‌ಗಾರ್ಡುಗಳಿಗೂ ಬೋಲ್ಟು ಹಾಕಿ ಬಿಗಿದದ್ದು. ನಡುವೆ ರಬ್ಬರಿನ ತುಂಡುಗಳು, ಇಲ್ಲದಿದ್ದರೆ ಎಂಜಿನ್ನಿನ ನಡುಕಕ್ಕೆ ಮರ ಸೀಳುತ್ತದೆ. ಮೇಲೆ ಪ್ಲೈವುಡ್ ಚಾವಣಿ. ಮುಂದೆ ಮತ್ತು ಪಕ್ಕದಲ್ಲಿ ಪಾಲಿಕಾರ್ಬೊನೇಟ್ ಹಾಳೆ. ಗಾಜು ಹಾಕಲು ನನಗೆ ಮನಸ್ಸಾಗಲಿಲ್ಲ, ಒಡೆದ ಗಾಜು ಕಣ್ಣಿಗೆ ಏನು ಮಾಡುತ್ತದೆಂದು ನೋಡಿದ್ದೇನೆ. ಪಾಲಿಕಾರ್ಬೊನೇಟ್ ಒಡೆಯುವುದಿಲ್ಲ, ಆದರೆ ಬೇಗ ಗೀಚುತ್ತದೆ. ಹಿಮವನ್ನು ಕೆರೆದು ತೆಗೆಯಬಾರದು, ಮೆತ್ತನೆಯ ಬ್ರಷ್ ಬೇಕು. ಪೆಟ್ರೋಲಿನಲ್ಲಿ ಒರೆಸಲೇಬಾರದು.

ಶಾಖಕ್ಕೆ ಇಲ್ಲಿನ ಹಳೆಯ ರೈತರ ಒಂದು ಉಪಾಯವಿದೆ. ಎಂಜಿನ್ನಿನ ಎರಡೂ ಬದಿಗೆ ಕ್ಯಾನ್ವಾಸ್ ಕಟ್ಟುವುದು. ರೇಡಿಯೇಟರಿನ ಫ್ಯಾನು ದೂಡುವ ಬಿಸಿಗಾಳಿ ಆಚೀಚೆ ಹೋಗದೆ ನೇರ ಹಿಂದಕ್ಕೆ, ಓಡಿಸುವವನ ಮೊಣಕಾಲಿಗೆ ಬರುತ್ತದೆ. ದಶಕಗಳ ಹಿಂದೆಯೇ ಇಂಥ ಕ್ಯಾನ್ವಾಸ್ ಕವಚಗಳು ಅಂಗಡಿಯಲ್ಲಿ ಸಿಗುತ್ತಿದ್ದವು. ಅವುಗಳಲ್ಲಿ ಹಿಂಭಾಗ ತೆರೆದೇ ಇರುತ್ತಿತ್ತು. ನಾನು ವಿದ್ಯಾವಂತ. ತೆರೆದಿದ್ದರೆ ಶಾಖ ವ್ಯರ್ಥವಾಗುತ್ತದಲ್ಲ ಎಂದು ಹಿಂಭಾಗಕ್ಕೂ ಕ್ಯಾನ್ವಾಸ್ ಇಳಿಬಿಟ್ಟು, ಜಿಪ್ ಹೊಲಿಸಿ, ಉಳಿದ ಸಂದುಗಳಿಗೆಲ್ಲ ಕಿಟಕಿಗೆ ಅಂಟಿಸುವ ಫೋಮ್ ಪಟ್ಟಿ ಒತ್ತಿದೆ.

ಆ ಸೆಪ್ಟೆಂಬರಿನಲ್ಲಿ ತಂದೆ ತಾಯಿ ಇಲ್ಲಿದ್ದರು. ತಂದೆಯವರಿಗೆ ಆಗ 78. ಅಡಿಕೆ ತೋಟ, ಎರಡು ಎಕರೆ ಗದ್ದೆ ಮಾಡಿಕೊಂಡು ಬಂದವರು. ಗ್ಯಾರೇಜಿನಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ನನ್ನ ಬಡಗಿ ಕೆಲಸ ನೋಡುತ್ತಿದ್ದರು. ನಾನು ಫೋಮ್ ಪಟ್ಟಿ ಒತ್ತುತ್ತಿರುವಾಗ, "ಎಲ್ಲಾ ಮುಚ್ಚಿದ್ಯಲ್ಲ, ಉಸಿರಾಡೋದಕ್ಕೆ ಎಲ್ಲಿ ಜಾಗ ಬಿಟ್ಟಿದೀಯ?" ಎಂದು ಕೇಳಿದರು. ಆಮೇಲೆ ಗೊರಬಿನ ಮಾತು ತೆಗೆದರು.

ಬಯಲುಸೀಮೆಯ ಓದುಗರಿಗಾಗಿ ಹೇಳುತ್ತೇನೆ. ಮಲೆನಾಡಿನಲ್ಲಿ ನಾಟಿ ಮಾಡುವ ಹೆಂಗಸರು ಮಳೆಗೆ ಬೆನ್ನ ಮೇಲೆ ಗೊರಬು ಹಾಕಿಕೊಳ್ಳುತ್ತಿದ್ದರು. ಬಿದಿರಿನ ಸೀಳಿನ ಹಂದರಕ್ಕೆ ಎಲೆ ಹೊದಿಸಿ ಹೆಣೆದದ್ದು. ನೆತ್ತಿಯಿಂದ ಸೊಂಟದವರೆಗೆ ಆಮೆಯ ಚಿಪ್ಪಿನ ಹಾಗೆ ಮುಚ್ಚುತ್ತದೆ, ಮುಂಭಾಗ ಪೂರ್ತಿ ಬಯಲು. ಗಂಡಸರಿಗೆ ಕಂಬಳಿಕೊಪ್ಪೆ, ಅದೂ ಮುಂದೆ ತೆರೆದೇ ಇರುತ್ತದೆ. "ಮಳೆ ಬರೋ ಕಡೆ ಮುಚ್ಚಿದರೆ ಸಾಕು. ಎಲ್ಲಾ ಕಡೆ ಮುಚ್ಚಿದರೆ ಒಳಗಿನ ಬೆವರಿಗೇ ನೆನೆದುಹೋಗ್ತಾರೆ" ಎಂದರು ತಂದೆ. ನಾನು ನಕ್ಕು, "ಅಪ್ಪಾ, ಇಲ್ಲಿನ ಚಳಿಗೆ ಗೊರಬು ಸಾಲೋದಿಲ್ಲ" ಎಂದೆ. ಅವರು ಮತ್ತೆ ಏನೂ ಹೇಳಲಿಲ್ಲ. ಅಕ್ಟೋಬರಿನಲ್ಲಿ, ಹಿಮ ಬೀಳುವ ಮೊದಲೇ ಊರಿಗೆ ಹೊರಟರು.

2014ರ ಜನವರಿ ನಿಮಗೆಲ್ಲ ನೆನಪಿರಬಹುದು. ಪೋಲಾರ್ ವೋರ್ಟೆಕ್ಸ್ ಎಂಬ ಪದವನ್ನು ಟಿ.ವಿ.ಯವರು ನಮ್ಮೆಲ್ಲರ ಬಾಯಿಗೆ ಹಾಕಿದ ತಿಂಗಳು. ಎರಡು ದಿನ ಎಡೆಬಿಡದೆ ಹಿಮ ಸುರಿದು ನಿಂತ ಬೆಳಿಗ್ಗೆ ಕ್ಯಾಬಿನೊಳಗೆ ಕೂತೆ. ಹೊರಗೆ ಮೈನಸ್ ಲೆಕ್ಕ, ಒಳಗೆ ಸ್ವೆಟರ್ ಸಾಕು. ನನ್ನ ಕೈಯಾರೆ ಕಟ್ಟಿದ ಮನೆಯಲ್ಲಿ ಕೂತ ಹೆಮ್ಮೆ. ರಾಶಿ ದೊಡ್ಡದಿತ್ತು, ಹಿಂದೆ ಮುಂದೆ ಮಾಡುತ್ತ ಒಂದೂವರೆ ಗಂಟೆ ಕಳೆಯಿತು. ತಲೆ ಭಾರವೆನಿಸಿತು. ಬೆಳಗಿನ ಕಾಫಿ ಕುಡಿದಿಲ್ಲವಲ್ಲ, ಅದಕ್ಕೇ ಅಂದುಕೊಂಡೆ. ಬ್ಲೇಡು ಹೋಗಿ ದೀಪದ ಕಂಬಕ್ಕೆ ತಾಗಿತು. ಬೇರೆ ದಿನವಾಗಿದ್ದರೆ ಇಳಿದು ನೋಡುತ್ತಿದ್ದೆ. ಆ ದಿನ, ಹೋದರೆ ಹೋಗಲಿ ಎನಿಸಿತು. ಹಾಗೆನಿಸಿದ್ದೇ ರೋಗದ ಲಕ್ಷಣ ಎಂದು ಹೊಳೆಯಲಿಲ್ಲ.

ಆಗ ನಮ್ಮ ಮಗ ಥರ್ಮಾಸಿನಲ್ಲಿ ಕಾಫಿ ತಂದ. ಅವನಿಗೆ ಹತ್ತು ವರ್ಷ. "ಅಪ್ಪ, ನಾನೂ ಬರ್ತೀನಿ" ಎಂದ. ಟ್ರ್ಯಾಕ್ಟರಿನ ಮೇಲೆ ಎರಡನೆಯವರನ್ನು ಹತ್ತಿಸಬಾರದು, ಇದು ಇಲ್ಲಿನ ರೈತರ ಮಕ್ಕಳಿಗೂ ಗೊತ್ತಿರುವ ನಿಯಮ. ಕ್ಯಾಬ್ ಇದೆಯಲ್ಲ, ಬೀಳುವುದಿಲ್ಲ ಎಂದುಕೊಂಡು ಹತ್ತಿಸಿ, ಪಕ್ಕದ ಹಲಗೆಯ ಮೇಲೆ ನಿಲ್ಲಿಸಿ, ಜಿಪ್ ಎಳೆದೆ. ಇಪ್ಪತ್ತು ನಿಮಿಷವಾಗಿರಬೇಕು. ಅವನು, "ಅಪ್ಪ, ನಂಗೆ ತಲೆ ನೋಯ್ತಿದೆ" ಎಂದ.

ಒಂದೇ ಕಡೆ ಇದ್ದ ಇಬ್ಬರಿಗೆ ಒಂದೇ ಹೊತ್ತಿನಲ್ಲಿ ತಲೆನೋವು. ಚಳಿಗಾಲ, ಮುಚ್ಚಿದ ಜಾಗ, ಉರಿಯುವ ಪೆಟ್ರೋಲ್. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದಿದ್ದರೆ ಅರ್ಧ ನಿಮಿಷದಲ್ಲಿ ಉತ್ತರ ಬರೆಯುತ್ತಿದ್ದೆ. ಅವನು ಬಾಯಿ ಬಿಟ್ಟ ಮೇಲೆಯೇ ನನಗೆ ಹೊಳೆದದ್ದು. ಎಂಜಿನ್ ಆರಿಸಿ, ಜಿಪ್ ಎಳೆಯಲು ಹೋದರೆ ಬೆರಳು ನೆಟ್ಟಗೆ ಆಡಲಿಲ್ಲ. ಕ್ಯಾನ್ವಾಸನ್ನೇ ಕಿತ್ತು ಅವನನ್ನು ಹಿಮದ ಮೇಲೆ ಇಳಿಸಿದೆ. ನಾನು ಇಳಿಯುವಾಗ ಮೊಣಕಾಲು ಕುಸಿದು ಬಿದ್ದೆ. ಅವನು ನಾನು ಆಟವಾಡುತ್ತಿದ್ದೇನೆಂದು ನಕ್ಕ.

ಹೆಂಡತಿ ಕಾರು ಓಡಿಸಿದಳು. ನಾನು ಕೆಲಸ ಮಾಡುವ ಆಸ್ಪತ್ರೆಯ ತುರ್ತು ವಿಭಾಗಕ್ಕೇ ನಾನು ರೋಗಿಯಾಗಿ ಹೋದೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ನನಗೆ 99, ಮಗನಿಗೆ 100 ತೋರಿಸಿತು. ಇಲ್ಲೇ ಮೋಸ ಇರುವುದು. ಕಾರ್ಬನ್ ಮಾನಾಕ್ಸೈಡ್ ಅಂಟಿಕೊಂಡ ಹಿಮೋಗ್ಲೋಬಿನ್ ಆ ಯಂತ್ರದ ಕಣ್ಣಿಗೆ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನಿನ ಹಾಗೆಯೇ ಕಾಣುತ್ತದೆ. ರಕ್ತ ತೆಗೆದು ಕೋ-ಆಕ್ಸಿಮೀಟರಿನಲ್ಲಿ ನೋಡಿದರೆ ನನ್ನದು ನೂರಕ್ಕೆ 18, ಮಗನದು 9. ಸಿಗರೇಟು ಸೇದದವರಲ್ಲಿ ಅದು 3ರ ಒಳಗಿರಬೇಕು. ಇಬ್ಬರನ್ನೂ ಅಕ್ಕಪಕ್ಕದ ಮಂಚಗಳಲ್ಲಿ ಮಲಗಿಸಿ ಆಮ್ಲಜನಕದ ಮಾಸ್ಕ್ ಹಾಕಿದರು. ಹಿರಿಯ ನರ್ಸೊಬ್ಬಳು ನನ್ನ ಮಾಸ್ಕಿನ ಪಟ್ಟಿ ಬಿಗಿಯುತ್ತ, "ಡಾಕ್ಟರ್, ಇದರ ಬಗ್ಗೆ ನವೆಂಬರಿನಲ್ಲಿ ನಮಗೆ ಕ್ಲಾಸ್ ತೆಗೆದುಕೊಂಡವರು ನೀವೇ" ಎಂದಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ಅವಳಿಗೆ ಇಂಗ್ಲಿಷಿನಲ್ಲಿ ಹೇಳಲು ಪ್ರಯತ್ನಿಸಿದೆ, ಆಗಲಿಲ್ಲ.

ಹೆಂಡತಿ ಎರಡು ಮಂಚಗಳ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ನಾಲ್ಕು ಗಂಟೆ ಹೊತ್ತು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಮಗನ ಕೈ ಮಾತ್ರ ಹಿಡಿದುಕೊಂಡಿದ್ದಳು. ಅವಳು ಬೈದಿದ್ದರೆ ಚೆನ್ನಾಗಿತ್ತು ಎಂದು ಇಂದಿಗೂ ಅನಿಸುತ್ತದೆ.

ವಾರದ ನಂತರ ಡೈರಿಯ ಅಜ್ಜ ಬಂದು ಟ್ರ್ಯಾಕ್ಟರನ್ನು ಪರೀಕ್ಷಿಸಿದ. ಎಂಜಿನ್ನಿಗೂ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೂ ನಡುವಿನ ಗ್ಯಾಸ್ಕೆಟ್ ಒಂದು ಕಡೆ ಸುಟ್ಟುಹೋಗಿತ್ತು. ಬಯಲಿನಲ್ಲಿ ಓಡಿಸುವಾಗ ಆ ಸೋರಿಕೆ ಲೆಕ್ಕಕ್ಕಿರಲಿಲ್ಲ, ಗಾಳಿ ಹೊತ್ತೊಯ್ಯುತ್ತಿತ್ತು. ನಾನು ಬಿಸಿಗಾಳಿಗೆಂದು ಕಟ್ಟಿದ ಕ್ಯಾನ್ವಾಸು ಆ ಹೊಗೆಯನ್ನೇ ಹಿಡಿದು ನನ್ನ ಮುಖಕ್ಕೆ ತಂದುಕೊಟ್ಟಿತು. ಜೊತೆಗೆ 8ಎನ್‌ನ ಸೈಲೆನ್ಸರ್ ಇರುವುದು ಹೊಟ್ಟೆಯ ಕೆಳಗೆ. ಎರಡೂ ಕಡೆ ಎತ್ತರದ ಹಿಮದ ಗೋಡೆ ಇದ್ದುದರಿಂದ ಅದರ ಹೊಗೆಯೂ ಅಲ್ಲೇ ನಿಂತು ಕೆಳಗಿನಿಂದ ಒಳಗೆ ಬರುತ್ತಿತ್ತು. 1975ರಿಂದೀಚೆಗಿನ ಕಾರುಗಳಲ್ಲಿ ಈ ವಿಷವನ್ನು ಬಹುಪಾಲು ಸುಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. 1951ರ ಎಂಜಿನ್ನಿಗೆ ಅಂಥದ್ದೇನೂ ಇಲ್ಲ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಿಗಿಯಾಗಿ ಹಿಮೋಗ್ಲೋಬಿನ್ನನ್ನು ಹಿಡಿದುಕೊಳ್ಳುತ್ತದೆ. ಬರೀ ಗಾಳಿಯಲ್ಲಿ ಉಸಿರಾಡಿದರೆ ಅದರ ಅರ್ಧ ಇಳಿಯಲು ನಾಲ್ಕೈದು ಗಂಟೆ ಬೇಕು, ಮಾಸ್ಕಿನಲ್ಲಿ ಪೂರ್ತಿ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ.

ಕ್ಯಾಬನ್ನು ಸುಟ್ಟುಹಾಕಬೇಕೆಂದಿದ್ದೆ. ಅಜ್ಜ ಬೇಡವೆಂದ. ಮುಂದಿನ ಬೇಸಿಗೆಯಲ್ಲಿ ಇಬ್ಬರೂ ಸೇರಿ ಅದನ್ನು ತಿದ್ದಿದೆವು. ಹೊಸ ಮ್ಯಾನಿಫೋಲ್ಡ್, ಹೊಸ ಗ್ಯಾಸ್ಕೆಟ್. ಕೆಳಗಿನ ಸೈಲೆನ್ಸರ್ ತೆಗೆದು, ಹೊಗೆ ಚಾವಣಿಗಿಂತ ಮೇಲೆ ಹೋಗುವಂತೆ ನೆಟ್ಟಗಿನ ಕೊಳವೆ. ಎಂಜಿನ್ನಿನ ಬದಿಯ ಕ್ಯಾನ್ವಾಸ್ ಪೂರ್ತಿ ಹೋಯಿತು. ಅದರ ಬದಲು ಗುಜರಿ ಕಾರಿನಿಂದ ತಂದ ಹೀಟರಿನ ಪುಟ್ಟ ರೇಡಿಯೇಟರನ್ನು ಕಾಲ ಬಳಿ ಕೂರಿಸಿ, ಎಂಜಿನ್ನಿನ ಬಿಸಿನೀರನ್ನು ರಬ್ಬರ್ ಕೊಳವೆಯಲ್ಲಿ ಅದಕ್ಕೆ ಹರಿಸಿದೆವು. ಹೀಗೆ ಎಂಜಿನ್ನಿನ ಶಾಖ ಬರುತ್ತದೆ, ಗಾಳಿ ಬರುವುದಿಲ್ಲ. ಅದರ ಫ್ಯಾನಿಗಾಗಿ ವೈರಿಂಗನ್ನು ಹನ್ನೆರಡು ವೋಲ್ಟಿಗೆ ಬದಲಾಯಿಸಬೇಕಾಯಿತು, ಅದರ ಕಥೆ ಬರೆದರೆ ಪತ್ರಿಕೆಯ ಪುಟ ಸಾಲದು. ಹಿಂಭಾಗ ಈಗ ಸೊಂಟದಿಂದ ಮೇಲಕ್ಕೆ ಪೂರ್ತಿ ತೆರೆದಿದೆ. ಬ್ಲೇಡು ಹಿಂದಿರುವುದರಿಂದ ತಿರುಗಿ ನೋಡಲೂ ಅದೇ ಅನುಕೂಲ, ಆತುರಕ್ಕೆ ಇಳಿಯಲೂ ಅದೇ ದಾರಿ. ಪಾಲಿಕಾರ್ಬೊನೇಟಿನ ಮೇಲೆ ಕೂರುತ್ತಿದ್ದ ಉಸಿರಿನ ಮಂಜೂ ನಿಂತುಹೋಯಿತು. ಕಾಲು ಬೆಚ್ಚಗೆ, ಬೆನ್ನು ತಣ್ಣಗೆ. ಬೆನ್ನಿಗೆ ದಪ್ಪ ಕೋಟು ಇದೆ.

ಕಾಲರಿಗೆ ಸಿಕ್ಕಿಸಿಕೊಳ್ಳುವ ಕಾರ್ಬನ್ ಮಾನಾಕ್ಸೈಡ್ ಮೀಟರ್ ಇಲ್ಲದೆ ನಾನು ಹತ್ತುವುದಿಲ್ಲ. 35 ಪಿ.ಪಿ.ಎಂ. ದಾಟಿದರೆ ಕೂಗುತ್ತದೆ. ಹೊಸ ಕ್ಯಾಬಿನಲ್ಲಿ ಅದು ಸೊನ್ನೆಯಿಂದ ಮೂರರ ನಡುವೆ ಇರುತ್ತದೆ. ಮನೆಯ ಗೋಡೆಗೆ ಹಾಕುವ ಅಲಾರಂ ಇಲ್ಲಿ ಕೆಲಸಕ್ಕೆ ಬಾರದು. 70 ಪಿ.ಪಿ.ಎಂ. ಇದ್ದರೂ ಅದು ಕೂಗಲು ಒಂದು ಗಂಟೆಯಿಂದ ನಾಲ್ಕು ಗಂಟೆ ತೆಗೆದುಕೊಳ್ಳಬಹುದು, ಚಳಿಯನ್ನೂ ತಾಳುವುದಿಲ್ಲ. ಇನ್ನೊಂದು ಮಾತು. ಮರದ ಕ್ಯಾಬ್ ಟ್ರ್ಯಾಕ್ಟರ್ ಮಗುಚಿದರೆ ಕಾಪಾಡುವುದಿಲ್ಲ. ಅದಕ್ಕೆ ಲೆಕ್ಕ ಹಾಕಿ ಮಾಡಿದ ಉಕ್ಕಿನ ಚೌಕಟ್ಟೇ ಬೇಕು. ಆದ್ದರಿಂದ ಇಳಿಜಾರಿಗೆ ಹೋಗುವುದಿಲ್ಲ, ಸಮತಟ್ಟಾದ ಡ್ರೈವ್‌ವೇ ಬಿಟ್ಟು ಆಚೆ ಇಳಿಯುವುದಿಲ್ಲ. ಎರಡನೆಯವರನ್ನು ಹತ್ತಿಸುವುದಂತೂ ಇಲ್ಲವೇ ಇಲ್ಲ.

ಆಸ್ಪತ್ರೆಯಿಂದ ಬಂದ ಮೂರನೆಯ ದಿನ ಊರಿಗೆ ಫೋನ್ ಮಾಡಿದ್ದೆ. ಮುಚ್ಚಿಡಬೇಕೆಂದಿದ್ದರೂ ಬಾಯಿ ಬಿಟ್ಟಿತು. "ನೀವು ಹೇಳಿದ ಹಾಗೆ ಹಿಂದೆ ಜಾಗ ಬಿಡಬೇಕಾಗಿತ್ತು" ಎಂದೆ. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗು ಹೇಗಿದಾನೆ? ಊಟ ಮಾಡಿದನಾ?" ಎಂದು ಮಾತ್ರ ಕೇಳಿದರು. 2017ರಲ್ಲಿ ಅವರು ತೀರಿಕೊಂಡರು. ತಿದ್ದಿದ ಕ್ಯಾಬನ್ನು ಅವರು ಫೋಟೋದಲ್ಲಿ ಮಾತ್ರ ನೋಡಿದರು. ಕರ್ಮ ಮುಗಿಸಿ ಬರುವಾಗ ನಮ್ಮ ಹಳೆಯ ಕಣದ ಮನೆಯಲ್ಲಿ ಗೊರಬು ಹುಡುಕಿದೆ. ಇರಲಿಲ್ಲ. ಈಗ ನಾಟಿಗೆ ಎಲ್ಲರೂ ಪ್ಲಾಸ್ಟಿಕ್ ಹಾಳೆ ಹೊದೆಯುತ್ತಾರಂತೆ.

ಚಳಿಗಾಲ ಬರುತ್ತಿರುವುದರಿಂದ ನಮ್ಮ ಕೂಟದ ಮನೆಗಳಿಗೆ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ. ಗ್ಯಾರೇಜಿನ ಬಾಗಿಲು ತೆರೆದಿದ್ದರೂ ಒಳಗೆ ಕಾರು ಸ್ಟಾರ್ಟ್ ಮಾಡಿ ಬಿಸಿಯಾಗಲು ಬಿಡಬೇಡಿ. ಹಿಮದಲ್ಲಿ ಸಿಕ್ಕಿಕೊಂಡ ಕಾರಿನಲ್ಲಿ ಮಕ್ಕಳನ್ನು ಕೂರಿಸಿ ಹೀಟರ್ ಹಾಕುವ ಮೊದಲು ಹಿಂದಿನ ಎಕ್ಸಾಸ್ಟ್ ಕೊಳವೆಯ ಸುತ್ತಲಿನ ಹಿಮ ತೆಗೆಯಿರಿ. ಕರೆಂಟು ಹೋದಾಗ ಜನರೇಟರನ್ನು ಮನೆಯಿಂದ ಇಪ್ಪತ್ತು ಅಡಿಯಾದರೂ ದೂರ ಇಡಿ. ಹೊರಗಿನ ಇದ್ದಿಲೊಲೆಯನ್ನು ಒಳಗೆ ತರಬೇಡಿ. ಮನೆಯಲ್ಲಿ ಇಬ್ಬರಿಗೆ ಒಟ್ಟಿಗೆ ತಲೆನೋವು, ವಾಕರಿಕೆ ಬಂದು, ಹೊರಗೆ ಹೋದರೆ ಕಡಿಮೆಯಾದರೆ ಫ್ಲೂ ಎಂದು ಮಲಗಬೇಡಿ. ಎಲ್ಲರೂ ಹೊರಗೆ ಬಂದು 911ಕ್ಕೆ ಫೋನ್ ಮಾಡಿ. ಬೆರಳಿನ ಆಕ್ಸಿಮೀಟರ್ 99 ತೋರಿಸಿದರೆ ಅದನ್ನು ನಂಬಬೇಡಿ.

ಮಗನಿಗೆ ಈಗ ಇಪ್ಪತ್ತು ದಾಟಿದೆ, ಬೇರೆ ಊರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಹಿಮ ಬಿದ್ದ ದಿನ ಫೋನ್ ಮಾಡಿ, "ಅಪ್ಪ, ಮೀಟರ್ ಹಾಕ್ಕೊಂಡಿದೀರಾ?" ಎಂದು ಕೇಳುತ್ತಾನೆ. ಹಾಕಿಕೊಂಡಿದ್ದೇನೆ ಎಂದು ಹೇಳಿ ಹೊರಡುತ್ತೇನೆ. ಈ ಕಡೆ ಬಂದರೆ ನಮ್ಮ ಮನೆಗೆ ಬನ್ನಿ, ಟ್ರ್ಯಾಕ್ಟರ್ ತೋರಿಸುತ್ತೇನೆ, ಒಳ್ಳೆಯ ಕಾಫಿಯೂ ಇದೆ. ಕೊಲೆಸ್ಟರಾಲ್ ಬಗ್ಗೆ ಖಂಡಿತ ಮುಂದಿನ ಸಲ.